ಬಚ್ಚಲುಮನೆಯಲ್ಲಿ ಹೆಡ್‌ಮಾಸ್ಟರು

"ಇವತ್ತೊಂದಿನ ಗಣಿತ ಆರಿಸ್ಕೊಳ್ಳೇ, ನನ್ನಮ್ಮಾ," ಎಂದು ಕನ್ನಡಕದಂಗಡಿಯವರು ಬೆಳಗಿನಿಂದ ಮಗಳನ್ನು ಗೋಗರೆಯುತ್ತಿದ್ದರು.

"ಇವತ್ತು ಬೀಗ, ಅಪ್ಪಾ. ಎಲ್ರೂ ಸೇರಿ ಗೊತ್ತುಮಾಡಿ ಆಗಿದೆ."

ಆ ಬೀದಿಯ ಕೆಲವು ಮಕ್ಕಳು ಶಾಲೆಗೆ ಹೋಗುವುದಿಲ್ಲ. ಏನು ಕಲಿಯಬೇಕೆಂದು ತಾವೇ ಆರಿಸಿಕೊಂಡು, ಬೀದಿಯಲ್ಲಿ ಅದನ್ನು ಬಲ್ಲವರ ಬೆನ್ನು ಹತ್ತಿ ಕಲಿಯುತ್ತಾರೆ. ಕೇಳದೆ ದೊಡ್ಡವರು ಬಾಯಿ ಹಾಕುವಂತಿಲ್ಲ, ಕೈಯಂತೂ ಹಾಕುವಂತೆಯೇ ಇಲ್ಲ. ಈ ಏರ್ಪಾಟನ್ನು ಹುಟ್ಟುಹಾಕಿದವರೇ ನಮ್ಮ ಕನ್ನಡಕದಂಗಡಿಯವರು. ಆದರೆ ಇಂದು ಬರಲಿದ್ದವರು ಹೆಂಡತಿಯ ಅಣ್ಣ, ದೂರದೂರಿನ ವಸತಿ ಶಾಲೆಯ ಹೆಡ್‌ಮಾಸ್ಟರು. "ಹುಡುಗಿ ಏನೂ ಕಲಿತಿಲ್ಲ ಅನ್ನಿಸಿದ್ರೆ ಸಂಜೆ ನನ್ ಜೊತೇನೇ ಕರ್ಕೊಂಡು ಹೋಗ್ತೀನಿ" ಎಂದು ಫೋನಿನಲ್ಲೇ ಗುಡುಗಿದ್ದರು. ಅಣ್ಣ ಹಾಕಿದ ಗೆರೆಯನ್ನು ತಂಗಿ ದಾಟುವವಳಲ್ಲ. ಮಗಳಿಲ್ಲದ ಮನೆಯನ್ನು ನೆನೆಯುವುದೂ ಪಾಪ, ಇವರಿಂದ ಆಗುತ್ತಿರಲಿಲ್ಲ.

ಮಕ್ಕಳು ಬಚ್ಚಲುಮನೆ ಬಾಗಿಲಿನ ಬೀಗ ಬಿಚ್ಚಿ, ಬೀಗ ರಿಪೇರಿಯ ಅಜ್ಜನನ್ನು ಕೇಳಿ ಕೇಳಿ ಮತ್ತೆ ಜೋಡಿಸಿದರು. ಅಜ್ಜ ಒಪ್ಪಿ, ತಲೆದೂಗಿ ಹೊರಟುಹೋದರು. ಅಲ್ಲಿಗೆ ಎಲ್ಲವೂ ಸರಿಯಾಗಿಯೇ ಇತ್ತು. ಕೈ ಸುಮ್ಮನಿರಬೇಕಲ್ಲ! ಕನ್ನಡಕದಂಗಡಿಯವರು ಯಾರೂ ನೋಡದಾಗ ಹೋಗಿ ಸ್ಕ್ರೂಗಳನ್ನು ಇನ್ನಷ್ಟು ಬಿಗಿದರು.

ಹೆಡ್‌ಮಾಸ್ಟರು ಬಂದವರೇ ಕೈಕಾಲು ತೊಳೆಯಲು ಒಳಹೊಕ್ಕರು. ಬಾಗಿಲು ಕಟಕ್ಕೆಂದಿತು. ಮತ್ತೆ ತೆರೆಯಲಿಲ್ಲ.

ಗಲಾಟೆ ಕೇಳಿ ಬೀದಿಯೇ ನಡುಮನೆಗೆ ನುಗ್ಗಿತು. "ಎಣ್ಣೆ ಬಿಡಿ, ಎಣ್ಣೆ!" ಎಂದರು ಟೈಲರಮ್ಮ. "ಮೆಲ್ಲಗೆ ಅಲ್ಲಾಡಿಸಿ ಎಳೀರಿ, ತಾನಾಗೇ ಬರುತ್ತೆ," ಎಂದರು ಮೇಲಿನ ಮನೆಯ ಹಲ್ಲಿನ ಡಾಕ್ಟರು. ಎಳೆದದ್ದಕ್ಕೆ ಹಿಡಿಕೆ ಕಿತ್ತು ಕೈಗೇ ಬಂತು.

"ಯಾರ್ರೀ ಇದನ್ನ ಜೋಡಿಸಿದ್ದು?" ಒಳಗಿನಿಂದ ಗರ್ಜನೆ.

"ಮಕ್ಕಳು, ಭಾವ... ಅಂದ್ರೆ, ಮಕ್ಕಳು ಸರಿಯಾಗೇ ಜೋಡ್ಸಿದ್ರು... ಆಮೇಲೆ ನಾನು..."

ಮಗಳು ನೆಲಕ್ಕೆ ಮಲಗಿ ಬಾಗಿಲಿನ ಕೆಳಗಿನ ಸಂದಿಗೆ ಬಾಯಿಟ್ಟಳು. "ಮಾವ, ಬೀಗ ಬಿಚ್ಚೋದು ನಿಮಗೆ ಕಲೀಬೇಕು ಅಂತ ಇದೆಯಾ?"

"ಏನು! ನೀನು ನನಗೆ ಕಲಿಸ್ತೀಯಾ?"

"ನೀವು ಕೇಳಿದ್ರೆ ಮಾತ್ರ."

ಒಳಗಿನಿಂದ ಬಾಗಿಲಿಗೆ ಇನ್ನೆರಡು ಗುದ್ದು ಬಿತ್ತು. ಆಮೇಲೆ ಸಣ್ಣ ದನಿಯೊಂದು ಬಂತು: "ಕೇಳ್ತಾ ಇದೀನಿ ಕಣಮ್ಮಾ."

ಸ್ಕ್ರೂಡ್ರೈವರ್ ಸಂದಿಯಿಂದ ಒಳಗೆ ಹೋಯಿತು. ಅವಳು ಹೇಳುತ್ತ ಹೋದಳು, ಅವರು ಬಿಚ್ಚುತ್ತ ಹೋದರು. ನಡುನಡುವೆ ಇಬ್ಬರೂ ಏನೇನೋ ಮಾತಾಡಿಕೊಂಡು ನಕ್ಕರು. ಕಡೆಗೆ ಬಾಗಿಲು ತೆರೆಯಿತು. ಅಂಗಿಯ ತೋಳು ಮಡಿಚಿ, ಕೆನ್ನೆಗೆಲ್ಲ ಮಸಿ ಮೆತ್ತಿಕೊಂಡಿದ್ದ ಹೆಡ್‌ಮಾಸ್ಟರು, "ನಾನೇ! ನಾನೇ ಬಿಚ್ಚಿದೆ!" ಎಂದು ಕುಣಿದರು.

ಕುಳಿತು ಸುಧಾರಿಸಿಕೊಂಡು ಅವರು ತೀರ್ಪು ಕೊಟ್ಟರು: "ಇವಳಿಗೆ ನನ್ನ ಶಾಲೆ ಬೇಡಪ್ಪ. ಇಲ್ಲೇ ಇರ್ಲಿ."

ಕನ್ನಡಕದಂಗಡಿಯವರಿಗೆ ಹೋದ ಜೀವ ಬಂದಂತಾಯಿತು. ಅಷ್ಟಕ್ಕೆ ಸುಮ್ಮನಿರುವವರಲ್ಲ ಅವರು. ಎದ್ದು ನಿಂತು ಭಾಷಣವನ್ನೇ ಬಿಗಿದರು. "ನಾನು ಮೊದಲಿಂದ ಬಡ್ಕೊಳ್ತಿಲ್ವಾ? ಏನು ಕಲೀಬೇಕು, ಎಲ್ಲಿ ಕಲೀಬೇಕು, ಎಲ್ಲಾ ಮಕ್ಕಳೇ ಆರಿಸ್ಕೋಬೇಕು. ಅಪ್ಪ ಅಮ್ಮ ಅಡ್ಡ ಬರಬಾರದು!"

ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು. ಮಗಳು ಓಡಿಬಂದು ಅವರ ಕೊರಳಿಗೆ ಜೋತುಬಿದ್ದಳು.

"ನನ್ನ ಮುದ್ದು ಅಪ್ಪ! ಹಾಗಾದ್ರೆ ನಾನು ಮಾವನ ಜೊತೆ ಹೋಗ್ತೀನಿ. ಅವರ ಶಾಲೇಲಿ ಬೀಗದಕೈ ಕಳ್ಕೊಂಡಿರೋ ಬಾಗಿಲು ಎಷ್ಟೊಂದು ಇವೆಯಂತೆ ಗೊತ್ತಾ!"

ಕನ್ನಡಕದಂಗಡಿಯವರು ಬಾಯಿ ತೆರೆದರು. ಇಡೀ ಬೀದಿ ಅವರ ಮುಖವನ್ನೇ ನೋಡುತ್ತಿತ್ತು.

"ಇವಳ ಸ್ವೆಟರ್ ಎಲ್ಲಿಟ್ಟಿದೀಯೇ?" ಎಂದರು ಹೆಂಡತಿಗೆ, ಕನ್ನಡಕ ತೆಗೆದು ಒರೆಸಿಕೊಳ್ಳುತ್ತ. "ಅಲ್ಲಿ ಚಳಿ ಜಾಸ್ತಿಯಂತೆ."