ಕಂಬದ ಮಗ್ಗುಲಿನ ಎರಡು ಕುರ್ಚಿ

ತಿಂಡಿ ತಟ್ಟೆಯ ಪಕ್ಕದಲ್ಲಿ ಟಿಕೆಟ್ಟೊಂದನ್ನು ಇಟ್ಟು ಹೆಂಡತಿ, “ನಮ್ಮ ಸೀಟು ಎಲ್ಲಿದೆ ಅಂತಾದ್ರೂ ಗೊತ್ತೇನ್ರೀ ನಿಮಗೆ?” ಎಂದು ಕೇಳಿದಾಗ, ಗೊತ್ತಿಲ್ಲ ಎಂದುಬಿಟ್ಟಿದ್ದರೆ ಅದಲುಬದಲಪ್ಪನ ಆ ದಿನ ಹೇಗೋ ಕಳೆದುಹೋಗುತ್ತಿತ್ತು. ಆದರೆ ಹೆಂಡತಿಯ ಎದುರು ಗೊತ್ತಿಲ್ಲ ಎನ್ನುವ ಗಂಡಸು ಇನ್ನು ಮುಂದೆ ಹುಟ್ಟಬೇಕಷ್ಟೆ.

“ಗೊತ್ತಿಲ್ದೆ ಏನು? ದಿನಾ ಅದೇ ಕೆಲ್ಸ ಅಲ್ವಾ ನಂದು?” ಎಂದವನೇ ಟಿಕೆಟ್ಟನ್ನು ನೋಡದೆ ಜೇಬಿಗೆ ಹಾಕಿಕೊಂಡ.

“ಇವತ್ತು ಈ ವರ್ಷದ ಕೊನೇ ನಾಟಕ.”

“ಬರ್ತೀನಿ ಅಂದ್ನಲ್ಲ. ಖಂಡಿತ.”

“ಹೋದ ಸಲಾನೂ ಖಂಡಿತ ಅಂದಿದ್ರಿ. ಅದರ ಹಿಂದಿನ ಸಲಾನೂ.” ಅವಳು ಲೋಟ ತೊಳೆಯುತ್ತ ಹೇಳಿದಳು. “ಇವತ್ತೂ ಬರ್ಲಿಲ್ಲ ಅಂದ್ರೆ ಮುಂದಿನ ವರ್ಷಕ್ಕೆ ನಂಗೊಂದೇ ಸೀಟು ಮಾಡ್ಸಿಬಿಡಿ. ಖಾಲಿ ಕುರ್ಚಿ ಪಕ್ಕ ಕೂತೂ ಕೂತೂ ಸಾಕಾಗಿದೆ.”

ಅವಳು ರೇಗಿದ್ದರೆ ಅವನಿಗೆ ಅಷ್ಟು ಭಯವಾಗುತ್ತಿರಲಿಲ್ಲ. ಸೊಪ್ಪು ಮುಗಿದಿದೆ, ತರಬೇಡಿ ಎನ್ನುವಷ್ಟು ಸಲೀಸಾಗಿ ಹೇಳಿದ್ದಳು. ದಾರಿಯುದ್ದಕ್ಕೂ ಆ ಮಾತು ಚಪ್ಪಲಿಯೊಳಗಿನ ಕಲ್ಲಿನಂತೆ ಚುಚ್ಚುತ್ತಲೇ ಇತ್ತು.

ಅವನ ನಿಜವಾದ ಹೆಸರು ರಂಗಮಂದಿರದಲ್ಲಿ ಯಾರಿಗೂ ನೆನಪಿಲ್ಲ. ವರ್ಷಕ್ಕೊಮ್ಮೆ ಚಂದಾ ಕಟ್ಟಿ ಎಲ್ಲ ನಾಟಕಗಳಿಗೂ ಸೀಟು ಹಿಡಿಯುವ ಚಂದಾದಾರರು ಟಿಕೆಟ್ ಬದಲಾಯಿಸಿಕೊಳ್ಳಲು ಬರುವ ಕಿಟಕಿಯಲ್ಲಿ ಕೂರುವುದು ಅವನ ಕೆಲಸ. ಒಬ್ಬರಿಗೆ ಮೊಣಕಾಲು ಚಾಚುವ ಜಾಗ ಬೇಕು, ಇನ್ನೊಬ್ಬರಿಗೆ ಫ್ಯಾನಿನ ಗಾಳಿ ಬೇಡ, ಮತ್ತೊಬ್ಬರಿಗೆ ಬೀಗರ ಮುಖ ಕಾಣಬಾರದು. ಎಲ್ಲರನ್ನೂ ಎತ್ತಿ ಎತ್ತಿ ಕೂರಿಸುವಷ್ಟರಲ್ಲಿ ಪರದೆ ಎದ್ದಿರುತ್ತದೆ. ತಡವಾಗಿ ಬಂದವರ ಜಗಳ ಮುಗಿಸುವಷ್ಟರಲ್ಲಿ ಪರದೆ ಬಿದ್ದಿರುತ್ತದೆ. ಇಷ್ಟು ವರ್ಷ ಅಲ್ಲಿ ದುಡಿದು ಅವನು ನೆಟ್ಟಗೆ ಕೇಳಿದ್ದು ಚಪ್ಪಾಳೆಯೊಂದನ್ನೇ, ಅದೂ ಗೋಡೆಯಾಚೆಯಿಂದ. ನೌಕರರಿಗೆಂದು ಮ್ಯಾನೇಜರು ಕೊಟ್ಟ ಎರಡು ಸೀಟಿನಲ್ಲಿ ಹೆಂಡತಿ ಪ್ರತಿ ಸಲವೂ ಒಬ್ಬಳೇ ಕೂತು, ಒಬ್ಬಳೇ ಮನೆಗೆ ಹೋಗುತ್ತಿದ್ದಳು.

ಕಿಟಕಿಯ ನೆತ್ತಿಯ ಮೇಲೆ ಅವನೇ ಬರೆದ ಬೋರ್ಡಿದೆ: ‘ಒಮ್ಮೆ ಬದಲಾಯಿಸಿದ ಟಿಕೆಟ್ಟನ್ನು ಮತ್ತೆ ಬದಲಾಯಿಸುವುದಿಲ್ಲ.’ ಇದೊಂದು ಇಲ್ಲದಿದ್ದರೆ ಜನ ತನ್ನನ್ನು ಹರಿದು ತಿನ್ನುತ್ತಿದ್ದರು ಎಂಬುದು ಅವನ ನಂಬಿಕೆ.

ಅವತ್ತು ಮೊದಲು ಬಂದವರು ಟೀಚರಮ್ಮ. ಬಂದವರೇ ಟಿಕೆಟ್ಟನ್ನು ಕಿಟಕಿಯೊಳಗೆ ತುರುಕಿದರು.

“ನನ್ನನ್ನ ಎಲ್ಲಿಗಾದ್ರೂ ಹಾಕಪ್ಪ. ಮುಂಗತೆ ಯಜಮಾನರ ಪಕ್ಕ ಮಾತ್ರ ಬೇಡ.”

ಮುಂಗತೆ ಯಜಮಾನರೆಂದರೆ ಚಂದಾದಾರರಲ್ಲೆಲ್ಲ ಹಿರಿಯರು. ಬಿಳಿ ಮೀಸೆ, ಒಳ್ಳೆಯ ಮನಸ್ಸು, ತಗ್ಗಿಸಲು ಬಾರದ ಗಂಟಲು. ರಂಗದ ಮೇಲೆ ಮುಂದೇನಾಗುತ್ತದೆ ಎಂಬುದನ್ನು ಮುಂಚೆಯೇ ಪಕ್ಕದವರಿಗೆ ತಿಳಿಸದಿದ್ದರೆ ಅವರಿಗೆ ಉಸಿರು ಕಟ್ಟುತ್ತದೆ.

“ಹೋದ ನಾಟಕದಲ್ಲಿ ಸಾಯೋನು ಇನ್ನೂ ಊಟ ಮಾಡ್ತಿದ್ದ. ಅಷ್ಟರಲ್ಲೇ ಇವರು ‘ಪಾಪ, ಇವನದು ಇದೇ ಕೊನೇ ತುತ್ತು’ ಅಂದುಬಿಟ್ರು,” ಎಂದರು ಟೀಚರಮ್ಮ. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ಅದಲುಬದಲಪ್ಪ ತಲೆ ಓಡಿಸಿದ. ನಡುಸಾಲಿಗೆ ಬರಬೇಕೆಂದು ಹಲ್ಲಿನ ಡಾಕ್ಟರು ವರ್ಷದಿಂದ ಗೋಗರೆಯುತ್ತಿದ್ದರು. ಅವರಿಗೆ ಫೋನ್ ಮಾಡಿ ಕರೆಸಿ, ಟೀಚರಮ್ಮನ ಸೀಟು ಅವರಿಗೂ ಅವರದು ಇವರಿಗೂ ಕೊಟ್ಟ. ಇಬ್ಬರೂ ಖುಷಿಯಾಗಿ ಹೋದರು. ಡಾಕ್ಟರ ಖುಷಿ ಬಾಗಿಲಿನವರೆಗೆ ಮಾತ್ರ ಬಾಳಿತು. ಬಾಗಿಲಲ್ಲಿ ಟಿಕೆಟ್ ಹರಿಯಲು ಹೊಸದಾಗಿ ಸೇರಿದ್ದ ಮುದುಕ ಹಿಂದೆ ಬಸ್ ಕಂಡಕ್ಟರಾಗಿದ್ದವನು. ಯಾರ ಪಕ್ಕ ಯಾರು ಕೂತರೆಂದು ವಿಚಾರಿಸದಿದ್ದರೆ ಅವನಿಗೆ ತಿಂದದ್ದು ಅರಗುವುದಿಲ್ಲ. ಅವನೇ ಡಾಕ್ಟರ ಟಿಕೆಟ್ ನೋಡಿ ಲೊಚಗುಟ್ಟಿ, ಪಕ್ಕದಲ್ಲಿ ಕೂರುವವರು ಯಾರೆಂದು ಹೇಳಿದ್ದ.

ಡಾಕ್ಟರು ಕೆಂಪಗಾಗಿ ಹಿಂದಿರುಗಿದರು. “ಏನಯ್ಯ ಇದು? ಇಡೀ ದಿನ ನನ್ನ ಮುಂದೆ ಬಾಯಿ ತೆರೆದು ಕೂತೋರು ಒಂದು ಮಾತೂ ಆಡಲ್ಲ. ಸಂಜೆ ಹೋಗಿ ಆ ಮನುಷ್ಯನ ಪಕ್ಕ ಕೂರೋ ಕರ್ಮ ನಂಗ್ಯಾಕೆ?”

ಅದಲುಬದಲಪ್ಪ ಸುಮ್ಮನೆ ಬೋರ್ಡು ತೋರಿಸಿದ.

“ಆ ಬೋರ್ಡನ್ನ ನೀನೇ ಇಟ್ಕೋ!” ಎಂದು ಡಾಕ್ಟರು ಕೂಗಿದ್ದಕ್ಕೆ ಮೇಲಿನಿಂದ ಮ್ಯಾನೇಜರು ಇಳಿದು ಬಂದರು. ಡಾಕ್ಟರನ್ನು ಸಮಾಧಾನ ಮಾಡಿ ಕಳಿಸಿ, ಇವನ ಕಡೆ ತಿರುಗಿದರು.

“ಬೇಗ ಕಿಟಕಿ ಮುಚ್ಚಿ ನಾಟಕಕ್ಕೆ ಹೋಗ್ತೀನಿ ಅಂದಿದ್ಯಲ್ಲ? ಹೋಗು, ಬೇಡ ಅನ್ನಲ್ಲ. ಆದ್ರೆ ಮೊದಲ ಗಂಟೆ ಹೊಡೆಯೋ ಹೊತ್ತಿಗೆ ಒಂದೇ ಒಂದು ತಕರಾರು ಬಾಕಿ ಇದ್ರೂ ನೀನು ಇಲ್ಲೇ.”

ಅದಲುಬದಲಪ್ಪ ಜೇಬು ಮುಟ್ಟಿ ನೋಡಿಕೊಂಡ. ಟಿಕೆಟ್ ಇತ್ತು. ಅದನ್ನು ಹಿಡಿದು ಹೋಗಿ ಕೂರುವ ಯೋಗ ಮಾತ್ರ ಜಾರುತ್ತಿತ್ತು. ಮಧ್ಯಾಹ್ನ ಅವನು ತಂದ ಡಬ್ಬಿ ತೆರೆಯಲಿಲ್ಲ. ಎದುರಿನ ಗೋಡೆಯ ತೇವದ ಕಲೆ ನೋಡುತ್ತ, ಒಂದೇ ಸೀಟು ಸಾಕೆನ್ನುವ ಹೆಂಡತಿಯ ಜೊತೆ ಬಾಳುವುದು ಹೇಗಿರುತ್ತದೆಂದು ಯೋಚಿಸಿದ. ಈಗಿರುವುದಕ್ಕಿಂತ ಬಹಳ ವ್ಯತ್ಯಾಸವೇನೂ ಇರದು ಎಂದು ಹೊಳೆದಾಗ ಇನ್ನಷ್ಟು ಕುಗ್ಗಿಹೋದ.

ಸಂಜೆಗೆ ಸ್ವತಃ ಮುಂಗತೆ ಯಜಮಾನರೇ ಬಂದರು.

“ನೋಡಪ್ಪ, ನನಗೆ ಸೀಟು ಬದಲಾಯಿಸಿಕೊಡು. ಸುತ್ತ ಇರೋ ಜನ ಸರಿ ಇಲ್ಲ. ಒಂದೇ ಸಮನೆ ಶ್‌ ಶ್‌ ಅಂತಿರ್ತಾರೆ. ನಾಟಕ ಕೇಳಿಸೋದೇ ಇಲ್ಲ.”

“ಎಲ್ಲಾ ಭರ್ತಿ ಯಜಮಾನ್ರೇ. ನಿಮ್ಮ ಪಕ್ಕ ಯಾರೂ ಇರಬಾರದು ಅಂದ್ರೆ ಹೇಗೆ?”

“ಇಲ್ಲದಿದ್ರೆ ಇನ್ನೂ ಒಳ್ಳೇದು. ಕಾಯ್ತೀನಿ,” ಎಂದು ಅವರು ಬೆಂಚಿನ ಮೇಲೆ ಕೂತೇಬಿಟ್ಟರು. ಕೂತವರೇ, ಬೋರ್ಡು ಓದುತ್ತ ಸಾಲಿನಲ್ಲಿ ನಿಂತವರಿಗೆ ಆ ರಾತ್ರಿಯ ನಾಟಕದ ಕತೆ ಹೇಳಲು ತೊಡಗಿದರು.

ಅಷ್ಟರಲ್ಲಿ ಕಂಡಕ್ಟರ್ ಮುದುಕ ಒಂದು ಟಿಕೆಟ್ ಹಿಡಿದು ಬಂದ. “ಸ್ವಾಮಿ, ಒಬ್ಬರು ಅಮ್ಮ ಕೊಟ್ರು. ಆ ಕಂಬದ ಮಗ್ಗುಲಿಗೆ, ಗೋಡೆಗೆ ಒತ್ತಿಕೊಂಡು ಎರಡೇ ಕುರ್ಚಿ ಇದಾವಲ್ಲ, ಅದರಲ್ಲೊಂದು. ಪಕ್ಕದ ಕುರ್ಚೀಗೆ ವರ್ಷದಿಂದ ಯಾರೂ ಬಂದಿಲ್ವಂತೆ. ಜನ ಇರೋ ಕಡೆ ಹಾಕಿಕೊಡ್ತಾರಾ ಕೇಳಿ ಅಂದ್ರು.”

ಅದಲುಬದಲಪ್ಪನಿಗೆ ದೇವರೇ ಪ್ರತ್ಯಕ್ಷನಾದಂತಾಯಿತು. ಒಂದು ಕಡೆ ಕಂಬ, ಒಂದು ಕಡೆ ಗೋಡೆ, ನಡುವೆ ಯಾರೂ ಬಾರದ ಖಾಲಿ ಕುರ್ಚಿ! ಯಜಮಾನರು ಎಷ್ಟು ಬೇಕಾದರೂ ಕತೆ ಹೇಳಿಕೊಳ್ಳಲಿ. ಆ ಅಮ್ಮನಿಗೆ ಯಜಮಾನರ ಹಳೆಯ ಸೀಟು ಕೊಟ್ಟರೆ ನಡುಮಧ್ಯದಲ್ಲಿ ಜನವೋ ಜನ. ಡಾಕ್ಟರ ಕೋಪವೂ ಅಲ್ಲಿಗೆ ಇಳಿಯುತ್ತದೆ. ಒಂದೇ ಏಟಿಗೆ ಎಲ್ಲ ಬಗೆಹರಿಯಿತು.

“ಯಾರೋ ಪುಣ್ಯಾತ್ಗಿತ್ತಿ ಕಣಯ್ಯ,” ಎನ್ನುತ್ತ ಠಪ್ಪನೆ ಮೊಹರು ಒತ್ತಿದ. “ವರ್ಷವಿಡೀ ಒಬ್ಬಳನ್ನೇ ಕೂರಿಸಿದಾನಲ್ಲ, ಅವನೆಂಥ ಮನುಷ್ಯನೋ!”

“ನಾನೂ ಅದನ್ನೇ ಅಂದೆ ಸ್ವಾಮಿ. ಅಮ್ಮ ನಕ್ಕುಬಿಟ್ರು,” ಎಂದು ಮುದುಕ ಹೊಸ ಟಿಕೆಟ್ ತೆಗೆದುಕೊಂಡು ಹೋದ.

ಮೊದಲ ಗಂಟೆ ಹೊಡೆಯಿತು. ಕಿಟಕಿಯ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಅದಲುಬದಲಪ್ಪ ಬಾಗಿಲೆಳೆದು ಬೀಗ ಹಾಕಿ, ಮದುವೆಯ ದಿನದಂತೆ ತಲೆ ಬಾಚಿಕೊಂಡು ಒಳಗೆ ಹೋದ. ದೀಪ ಆರುತ್ತಿತ್ತು. ಜೇಬಿನ ಟಿಕೆಟ್ಟನ್ನು ಟಾರ್ಚಿನವನ ಕೈಗಿಟ್ಟ. ಬೆಳಕು ಸಾಲು ಸಾಲು ದಾಟಿ, ಬದಿಗೆ ಹೊರಳಿ, ಕಂಬದ ಮಗ್ಗುಲಿಗೆ ಹೋಗಿ ನಿಂತಿತು. ಅಲ್ಲಿ ಎರಡೇ ಕುರ್ಚಿ. ಒಂದರಲ್ಲಿ ಬಿಳಿ ಮೀಸೆ ಹೊಳೆಯಿತು.

“ಓಹೋ, ಬನ್ನಿ ಬನ್ನಿ! ಯಾರೂ ಬರಲ್ಲ ಅಂದ್ಕೊಂಡು ಬೇಜಾರಾಗಿತ್ತು. ನೋಡಿ, ಈಗ ಪರದೆ ಎದ್ದ ಕೂಡಲೇ ಒಬ್ಬಳು ಬಾಗಿಲ ಹತ್ರ ನಿಂತಿರ್ತಾಳೆ.”

ಪರದೆ ಎದ್ದಿತು. ಒಬ್ಬಳು ಬಾಗಿಲ ಹತ್ತಿರ ನಿಂತಿದ್ದಳು. ಅದಲುಬದಲಪ್ಪ ಕಂಬದಾಚೆಗೆ ಕತ್ತು ಚಾಚಿ ನೋಡಿದ. ನಡುಸಾಲಿನಲ್ಲಿ, ಯಜಮಾನರ ಹಳೆಯ ಸೀಟಿನಲ್ಲಿ ಅವನ ಹೆಂಡತಿ. ಪಕ್ಕದ ಹಲ್ಲಿನ ಡಾಕ್ಟರು ಏನೋ ಹೇಳಿದರು. ಅವಳು ನಕ್ಕಳು. ಅವಳು ಹಾಗೆ ನಗುವುದುಂಟು ಎಂಬುದೇ ಅವನಿಗೆ ಮರೆತುಹೋಗಿತ್ತು.

ವಿರಾಮದಲ್ಲಿ ಓಡಿಹೋಗಿ ಅವಳನ್ನು ಹಿಡಿದ. ಅವಳ ಮುಖ ಅರೆಗಳಿಗೆ ಅರಳಿ, ಮತ್ತೆ ಮುಚ್ಚಿಕೊಂಡಿತು.

“ಬಂದ್ರಾ? ಮ್ಯಾನೇಜರು ಕಳಿಸಿದ್ರಾ?”

“ನಾನೇ ಬಂದೆ ಕಣೇ! ನೀನ್ಯಾಕೆ ಸೀಟು ಬದಲಾಯಿಸಿದ್ದು?”

“ನಾನೆಲ್ಲಿ ಬದಲಾಯಿಸಿದೆ? ನೀವೇ ಬದಲಾಯಿಸಿಕೊಟ್ರಿ.” ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಮೆಲ್ಲಗೆ ಹೇಳಿದಳು. “ಬರೋ ಮನಸ್ಸಿದ್ರೆ ನಮ್ಮ ಟಿಕೆಟ್ ನೋಡಿ ‘ಆಗಲ್ಲ’ ಅಂತ ವಾಪಸ್ ಕಳಿಸ್ತೀರಿ ಅಂದ್ಕೊಂಡಿದ್ದೆ. ಬಾಗಿಲಲ್ಲೇ ನಿಂತು ಕಾದೆ. ನೀವು ಮೊಹರು ಹಾಕಿ ಕಳಿಸಿದ್ರಿ. ಆಗ್ಲೇ ತಿಳೀತು ನಂಗೆ.”

ಅದಲುಬದಲಪ್ಪ ಬಾಯಿ ತೆರೆದ. ಬೇಕೆಂದೇ ಕಳಿಸಿದೆ ಎಂದರೆ ಕೆಟ್ಟ. ನಮ್ಮ ಸೀಟು ಯಾವುದೆಂದು ಇಷ್ಟು ವರ್ಷ ನಾನು ನೋಡಿಯೇ ಇಲ್ಲ ಎಂದರೆ ಇನ್ನೂ ಕೆಟ್ಟ. ಎರಡರಲ್ಲಿ ಯಾವುದು ವಾಸಿ ಎಂದು ಲೆಕ್ಕ ಹಾಕುವಷ್ಟರಲ್ಲಿ ಗಂಟೆ ಹೊಡೆಯಿತು.

“ಹೋಗಿ, ಶುರುವಾಗುತ್ತೆ,” ಎಂದಳು ಅವಳು. “ಮುಂದಿನ ವರ್ಷಕ್ಕೂ ನಂಗೆ ಇದೇ ಸೀಟಿರ್ಲಿ. ಚೆನ್ನಾಗಿದೆ.”

ಅವನು ಕಂಬದ ಮಗ್ಗುಲಿಗೆ ಬಂದು ಕುಸಿದ. ರಂಗದ ಮೇಲೆ ಎಷ್ಟೋ ಕಾಲ ಬಿಟ್ಟುಹೋಗಿದ್ದ ಗಂಡನೊಬ್ಬ ಬಂದು ಮನೆಯ ಬಾಗಿಲು ತಟ್ಟುತ್ತಿದ್ದ.

“ಈಗ ನೋಡಿ, ಬಾಗಿಲು ತೆರೀತಾಳೆ,” ಎಂದರು ಯಜಮಾನರು.

“ನಿಜವಾಗ್ಲೂ?” ಅದಲುಬದಲಪ್ಪ ಅವರ ತೋಳು ಹಿಡಿದುಕೊಂಡ. “ತೆರೀತಾಳಾ?”

“ತೆರೀದೆ ಏನು? ನನ್ನ ಮಾತು ಯಾವತ್ತಾದ್ರೂ ಸುಳ್ಳಾಗಿದ್ಯಾ?”

ಗಂಡ ತಟ್ಟುತ್ತಲೇ ಇದ್ದ. ಪರದೆ ಇಳಿಯಿತು. ಬಾಗಿಲು ತೆರೆಯಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

“ಅರೆ! ಕೊನೆ ಬದಲಾಯಿಸಿಬಿಟ್ಟಿದಾರಲ್ಲ,” ಎಂದು ಯಜಮಾನರು ಪೇಚಾಡಿಕೊಂಡರು. ಆಮೇಲೆ ಅವನ ಎರಡೂ ಕೈ ಹಿಡಿದುಕೊಂಡರು. “ಹೋಗ್ಲಿ ಬಿಡಿ. ಇಷ್ಟು ವರ್ಷದಲ್ಲಿ ಶ್‌ ಅನ್ನದೆ ನನ್ನ ಮಾತು ಕೇಳಿದೋರು ನೀವೊಬ್ರೇ. ಮುಂದಿನ ವರ್ಷಾನೂ ಇಬ್ಬರೂ ಇಲ್ಲೇ ಕೂರೋಣ. ಆ ಕಿಟಕಿಯವನಿಗೆ ಹೇಳಿ ಖಾಯಂ ಮಾಡಿಸ್ತೀನಿ.”

ಕತ್ತಲಲ್ಲಿ ಅವರು ಇವನ ಮುಖ ನೋಡಿರಲಿಲ್ಲ. ನಡುಸಾಲಿನ ಕುರ್ಚಿ ಆಗಲೇ ಖಾಲಿಯಾಗಿತ್ತು. ಹೆಂಡತಿ ಎಂದಿನಂತೆ ಒಬ್ಬಳೇ ಮನೆಗೆ ಹೊರಟಿದ್ದಳು.