ಟೇಪ್ ಸಾಹೇಬರು ಮೇಜನ್ನು ಹಳೆಯದು ಮಾಡಿದ್ದು

"ನೀವಿಬ್ಬರೂ ವಾಪಸ್ ಬರೋ ಹೊತ್ತಿಗೆ ಈ ಊಟದ ಮನೆಯ ಗುರುತೇ ಸಿಗಬಾರದು, ಹಾಗೆ ಮಾಡಿರ್ತೀನಿ" ಎಂದು ಟೇಪ್ ಸಾಹೇಬರು ಬಾಗಿಲಲ್ಲಿ ನಿಂತು ಘೋಷಿಸಿದರು. ಇಷ್ಟು ಚಾಚೂ ತಪ್ಪದೆ ನಡೆದುಹೋದ ಮಾತನ್ನು ಅವರು ಜೀವಮಾನದಲ್ಲಿ ಇನ್ನೊಂದು ಆಡಿಲ್ಲ.

ಶಾಲೆಗೆ ರಜೆ ಇದ್ದದ್ದರಿಂದ, ಲೆಕ್ಕದ ಟೀಚರಾದ ಅವರ ಹೆಂಡತಿ ತನ್ನ ಅಪ್ಪನನ್ನು ಕರೆದುಕೊಂಡು ಹತ್ತು ದಿನಕ್ಕೆ ತಂಗಿಯ ಮನೆಗೆ ಹೊರಟಿದ್ದಳು. ಹೊರಡುವ ಮುಂಚೆ ಗಂಡನ ಮುಖವನ್ನು ಒಮ್ಮೆ ನೋಡಿ, "ರೀ, ಗೋಡೆಗೆ ಬಣ್ಣ ಬಳಿದು ಸುಮ್ಮನಿರಿ. ಅದಕ್ಕಿಂತ ಮುಂದೆ ಹೋಗಬೇಡಿ" ಎಂದಳು. ಸಾಹೇಬರು ನಕ್ಕರು. ದೊಡ್ಡ ಯೋಜನೆಗಳು ಮೊದಮೊದಲು ಯಾರಿಗೂ ಅರ್ಥವಾಗುವುದಿಲ್ಲ ಎಂಬ ನಗು ಅದು.

ಸಾಹೇಬರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತಮೂರು ವರ್ಷ ಇನ್‌ಸ್ಪೆಕ್ಟರಾಗಿದ್ದು ಮೂರು ತಿಂಗಳ ಹಿಂದೆ ನಿವೃತ್ತರಾದವರು. ಅಂಗಿಯ ಜೇಬಿನಲ್ಲಿ ಸದಾ ಉಕ್ಕಿನ ಟೇಪು ಇರುತ್ತಿದ್ದುದರಿಂದ ಪೇಟೆಯವರು ಆ ಹೆಸರಿಟ್ಟಿದ್ದರು. ಕೈ ಚಾಚಿ ಹಗ್ಗ ಅಳೆದನೆಂದು ಹಗ್ಗದ ಅಂಗಡಿಯವನ ಮೇಲೆ ಕೇಸು ಹಾಕಿದ್ದು ಅವರ ಸೇವಾವಧಿಯ ಮಹಾ ಪರಾಕ್ರಮ. "ಗೇಣು, ಮೊಳ, ಮಾರು, ಇವೆಲ್ಲ ಅಳತೆಗಳಲ್ಲ, ಅಪರಾಧಗಳು" ಎಂದು ವಾರಕ್ಕೊಮ್ಮೆಯಾದರೂ ಊಟದ ಹೊತ್ತಿನಲ್ಲಿ ಹೇಳುತ್ತಿದ್ದರು. ಎದುರು ಕೂತ ಮಾವ ಪ್ರತಿಸಲವೂ ಗಂಭೀರವಾಗಿ ತಲೆಯಾಡಿಸಿ, "ಹೌದು ಅಳಿಯಂದ್ರೇ, ಕೈ ಇದ್ದೋರೆಲ್ಲ ಅಪರಾಧಿಗಳೇ" ಎನ್ನುತ್ತಿದ್ದರು.

ಮಾವ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಆರು ವರ್ಷದ ಹಿಂದೆ ಕಣ್ಣು ಪೂರ್ತಿ ಹೋದಾಗ ಅಂಗಡಿ ಮುಚ್ಚಿ, ಎರಡು ಪೆಟ್ಟಿಗೆ ಮತ್ತು ತಾವು ನಲವತ್ತು ವರ್ಷ ಕೂತು ಕೆಲಸ ಮಾಡಿದ ಮೇಜಿನೊಂದಿಗೆ ಮಗಳ ಮನೆಗೆ ಬಂದಿದ್ದರು. ಆ ಮೇಜೇ ಮನೆಯ ಊಟದ ಮೇಜಾಯಿತು. ಮಾವನದು ಒಂದೇ ಷರತ್ತು: ಊಟಕ್ಕೆ ಕೂತಾಗ ಯಾರೂ ತಮ್ಮ ಕೈಗೆ ಲೋಟ ಹಿಡಿಸಬಾರದು. ಮೇಜಿನ ಅಂಚಿನಲ್ಲಿ ಉಪಕರಣಗಳನ್ನು ಬಿಗಿದು ಬಿಗಿದು ಬಿದ್ದ ಮೂರು ಕಚ್ಚುಗಳಿದ್ದವು. ತಟ್ಟೆ ಅವುಗಳ ನೇರಕ್ಕೆ. ಸ್ಪಿರಿಟ್ ದೀಪ ಸುಟ್ಟು ಆದ ದುಂಡನೆಯ ಗುಳಿಯೊಂದಿತ್ತು. ನೀರಿನ ಲೋಟ ಅದರ ಮೇಲೆ. ಎಡಗೈ ಹೆಬ್ಬೆರಳನ್ನು ಮೇಜಿನ ಮೇಲೆ ಒಮ್ಮೆ ಆಡಿಸಿದರೆ ಸಾಕು, ಆಮೇಲೆ ಅವರು ಕಣ್ಣಿದ್ದವರಿಗಿಂತ ಅಚ್ಚುಕಟ್ಟಾಗಿ ಉಣ್ಣುತ್ತಿದ್ದರು. ಸಾಹೇಬರು ಆರು ವರ್ಷ ಎದುರಿಗೇ ಕೂತು ಇದನ್ನು ನೋಡಿದ್ದರು, ಆದರೆ ಗಮನಿಸಿರಲಿಲ್ಲ.

ಅವರು ಗಮನಿಸಿದ್ದು ಹಲ್ಲಿನ ಡಾಕ್ಟರ ಬಳಿ ಸರದಿಗಾಗಿ ಕಾಯುವಾಗ ಸಿಕ್ಕ ಪತ್ರಿಕೆಯೊಂದನ್ನು. ಅದರಲ್ಲಿ ಕಾಟೇಜ್ ಶೈಲಿಯ ಊಟದ ಕೋಣೆಯ ಚಿತ್ರವಿತ್ತು. ಕೆನೆಬಣ್ಣದ ಗೋಡೆ, ಗೋಡೆಯ ಮೇಲೆ ಹೂವಿನ ಚಿತ್ರದ ತಟ್ಟೆಗಳು, ಚೌಕಳಿ ಪರದೆ, ಒಂದಕ್ಕೊಂದು ಹೊಂದದ ಕುರ್ಚಿಗಳು. ನಡುವೆ, ಮೂರು ತಲೆಮಾರು ಉಂಡೆದ್ದಂತೆ ಸವೆದ ಮರದ ಮೇಜು. ಕೆಳಗೆ, "ಎಲ್ಲವೂ ತಾನಾಗಿಯೇ ಒದಗಿ ಬಂದಂತೆ ಕಾಣಬೇಕು" ಎಂದು ಬರೆದಿತ್ತು. ಸಾಹೇಬರ ಎದೆ ತುಂಬಿ ಬಂತು. ಡಾಕ್ಟರು ಕರೆದದ್ದು ಕೇಳಿಸದೆ ಅವರ ಸರದಿ ತಪ್ಪಿತು.

ಮೊದಲ ಎರಡು ದಿನ ಗೋಡೆಗೆ ಹೋದವು. ಮೂರನೆಯ ದಿನ ಚೌಕಳಿ ಪರದೆ, ಆಮೇಲೆ ತಟ್ಟೆಗಳು. ಅವು ಅಡ್ಡಾದಿಡ್ಡಿಯಾಗಿ ತೂಗಬೇಕು ಎಂದು ಪತ್ರಿಕೆ ಹೇಳಿತ್ತು. ಮೂವತ್ತಮೂರು ವರ್ಷ ನೇರ ಗೆರೆ ಎಳೆದ ಕೈಗೆ ಅಡ್ಡಾದಿಡ್ಡಿ ಬರಬೇಕಲ್ಲ. ಕೊನೆಗೆ ಟೇಪು ಹಿಡಿದು, ಪ್ರತಿ ತಟ್ಟೆಯೂ ಪಕ್ಕದ್ದಕ್ಕಿಂತ ಸರಿಯಾಗಿ ನಾಲ್ಕು ಸೆಂಟಿಮೀಟರ್ ತಪ್ಪಿರುವಂತೆ ಮೊಳೆ ಹೊಡೆದರು. ನೋಡಿದವರಿಗೆ ತಟ್ಟೆಗಳು ಸಾಲಾಗಿ ಮೆಟ್ಟಿಲು ಹತ್ತುತ್ತಿರುವಂತೆ ಕಾಣುತ್ತಿತ್ತು. ಕುರ್ಚಿಗಳು ನಾಲ್ಕೂ ಒಂದೇ ಥರ ಇದ್ದುದರಿಂದ ಒಂದೊಂದಕ್ಕೆ ಒಂದೊಂದು ಬಣ್ಣ ಬಳಿದು ಅವುಗಳ ಒಗ್ಗಟ್ಟು ಮುರಿದರು.

ಉಳಿದದ್ದು ಮೇಜು. ಸಾಹೇಬರು ಅದರ ಸುತ್ತ ಎರಡು ಸಲ ಸುತ್ತಿ ಮುಖ ಸಿಂಡರಿಸಿದರು. ಒಂದು ಕಡೆ ಸುಟ್ಟ ಕಲೆ, ಇನ್ನೊಂದು ಕಡೆ ಕಚ್ಚು, ಎಣ್ಣೆ ಕುಡಿದ ಕಪ್ಪು ಮಚ್ಚೆ ಬೇರೆ. ಬೀದಿ ಕೊನೆಯ ಬಡಗಿಯ ಹತ್ತಿರ ಮರ ಉಜ್ಜುವ ಯಂತ್ರ ಕೇಳಲು ಹೋದರು. ಬಡಗಿ ವಿಷಯ ಕೇಳಿ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ತಲೆ ಕೆರೆದುಕೊಂಡ.

"ಸಾಹೇಬ್ರೇ, ಮೇಜು ಹೇಗೆ ಕಾಣಬೇಕು?"

"ಹಳೇದಾಗಿ ಕಾಣಬೇಕು."

"ಅದು ಹಳೇದೇ ಅಲ್ವಾ?"

"ಹಳೇದೇ. ಆದರೆ ಸರಿಯಾದ ಹಳೇದಲ್ಲ."

"ಹಾಗಾದ್ರೆ ಹಳೇದನ್ನ ಹೊಸದು ಮಾಡಿ, ಆಮೇಲೆ ಆ ಹೊಸದನ್ನ ಹಳೇದು ಮಾಡ್ತೀರಿ."

"ಈಗ ಅರ್ಥವಾಯ್ತು ನೋಡು ನಿನಗೆ."

"ಅರ್ಥವಾಗಲಿಲ್ಲ ಸಾಹೇಬ್ರೇ. ಯಂತ್ರ ತಗೊಂಡು ಹೋಗಿ, ಆದರೆ ಯಜಮಾನರನ್ನ ಒಂದು ಮಾತು ಕೇಳಿ" ಎಂದ ಬಡಗಿ. ಅವನು ಯಜಮಾನರೆಂದದ್ದು ಮಾವನನ್ನು. ಸಾಹೇಬರು ಕೇಳಲಿಲ್ಲ.

ಎರಡು ದಿನ ಉಜ್ಜಿದರು. ಮನೆಯೆಲ್ಲ ಮರದ ಹುಡಿ. ಹುಬ್ಬು ಬೆಳ್ಳಗಾಯಿತು, ಸೊಂಟ ಹಿಡಿಯಿತು. ಅಂಚಿನ ಕಚ್ಚುಗಳು ಹೋದವು. ಸುಟ್ಟ ಗುಳಿ ಮಾತ್ರ ಮೊಂಡಾಟ ಮಾಡಿತು; ಅದಕ್ಕೆಂದೇ ಅರ್ಧ ದಿನ ಹಿಡಿಯಿತು. ಮೇಜು ಕೊನೆಗೆ ನುಣ್ಣಗೆ, ಬೆಳ್ಳಗೆ, ಯಾರೂ ಎಂದೂ ಮುಟ್ಟದಂತೆ ಹೊಳೆಯಿತು. ಆಮೇಲೆ ಸಾಹೇಬರು ಹಳೆಯ ಏಟುಗಳಂಥ ತಗ್ಗು ಬೀಳಲೆಂದು ಸೈಕಲ್ ಚೈನು ಹಿಡಿದು, ಐದು ಸೆಂಟಿಮೀಟರಿಗೊಂದರಂತೆ ಗುರುತು ಹಾಕಿಕೊಂಡು, ಮೂರು ತಲೆಮಾರನ್ನು ಒಂದೇ ಮಧ್ಯಾಹ್ನದಲ್ಲಿ ಹೊಡೆದು ಮುಗಿಸಿದರು.

ಹತ್ತನೆಯ ದಿನ ಮಧ್ಯಾಹ್ನ ಹೆಂಡತಿ ಊಟದ ಮನೆಗೆ ಕಾಲಿಟ್ಟಳು. ಗೋಡೆ ನೋಡಿದಳು. ತಟ್ಟೆಗಳ ಮೆಟ್ಟಿಲು ನೋಡಿ ತುಟಿ ಕಚ್ಚಿಕೊಂಡಳು. ಮೇಜಿನ ಮೇಲೆ ಕಣ್ಣು ಬಿದ್ದಾಗ ಅವಳ ಕೈಚೀಲ ಜಾರಿ ನೆಲಕ್ಕೆ ಬಿತ್ತು.

"ಏನು ಮಾಡಿದ್ರಿ ಇದು?"

"ಕಾಟೇಜ್" ಎಂದರು ಸಾಹೇಬರು.

ಅಷ್ಟರಲ್ಲಿ ಮಾವ ಕೋಲೂರಿಕೊಂಡು ಬಂದು ತಮ್ಮ ಜಾಗದಲ್ಲಿ ಕೂತೇಬಿಟ್ಟರು. ಪ್ರಯಾಣದ ಹಸಿವು. ಹೆಂಡತಿ ಏನು ಮಾಡುವುದೆಂದು ತೋಚದೆ ಅಂದಾಜಿನ ಮೇಲೆ ತಟ್ಟೆ ಇಟ್ಟು, ಲೋಟ ಇಟ್ಟಳು. ಮಾವನ ಹೆಬ್ಬೆರಳು ಅಂಚಿನ ಮೇಲೆ ಹೋಯಿತು. ಬಂತು. ಮತ್ತೆ ಹೋಯಿತು. ಲೋಟಕ್ಕೆಂದು ಚಾಚಿದ ಕೈ ಗಾಳಿಯಲ್ಲಿ ತಡಕಾಡಿ, ತಗುಲಿ, ಲೋಟ ಉರುಳಿ ನೀರೆಲ್ಲ ಅವರ ಮಡಿಲಿಗೆ ಸುರಿಯಿತು.

ಮಾವ ಒದ್ದೆ ಮೇಜಿನ ಮೇಲೆ ಎರಡೂ ಕೈ ಆಡಿಸಿದರು.

"ಎರಡಿಂಚಿಗೊಂದು ತಗ್ಗು. ಪೂರ್ತಿ ಲೆಕ್ಕಾಚಾರ" ಎಂದು ಮೆಲ್ಲಗೆ ಅಂದರು. "ಇದು ನನ್ನ ಮೇಜಲ್ಲ. ಅಳಿಯಂದ್ರೇ, ಮೇಜನ್ನ ಯಾರ ಕೈಗೆ ಕೊಟ್ಟಿದ್ರಿ?"

"ಬಡಗಿ..." ಎಂದರು ಸಾಹೇಬರು. "ಬಡಗಿಯ ಯಂತ್ರದಲ್ಲಿ ನಾನೇ" ಎಂದು ಮುಂದುವರಿಸುವುದು ಅವರ ಉದ್ದೇಶವಾಗಿತ್ತು. ಆದರೆ ಅಷ್ಟಕ್ಕೇ ನಿಲ್ಲಿಸಿದರು.

"ಬದಲಾಯಿಸಿಬಿಟ್ಟಿದಾನೆ" ಎಂದರು ಮಾವ. "ನಿಮಗೆ ಟೋಪಿ ಹಾಕಿದಾನೆ, ಪಾಪ. ನೀವೇನೂ ಬೇಜಾರು ಮಾಡ್ಕೋಬೇಡಿ. ನಾಳೆ ನಾನೇ ಬಂದು ಮಾತಾಡ್ತೀನಿ."

ಮೋಸ ಮಾಡಿದವನಿಗೇ ಸಮಾಧಾನ ಸಿಕ್ಕಿದ್ದು ಆ ಮನೆಯಲ್ಲಿ ಅದೇ ಮೊದಲು. ರಾತ್ರಿಯ ಊಟಕ್ಕೆ ಮಾವ ಮೇಜಿಗೆ ಬರಲಿಲ್ಲ. ತಮ್ಮ ಕೋಣೆಯಲ್ಲಿ ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡರು, ಮಗಳು ಅವರ ಬೆರಳು ಹಿಡಿದು ಲೋಟಕ್ಕೆ ಮುಟ್ಟಿಸಿದಳು. ಬಾಗಿಲಲ್ಲಿ ನಿಂತಿದ್ದ ಸಾಹೇಬರಿಗೆ ತಾವು ಉಜ್ಜಿ ತೆಗೆದ ಆ ಗುಳಿ ಯಾತಕ್ಕಿತ್ತೆಂದು ಆಗ ಗೊತ್ತಾಯಿತು. ನಾಚಿಕೆಯಿಂದ ಅವರಿಗೆ ಊಟ ಸೇರಲಿಲ್ಲ.

"ನೀವು ಹೇಳ್ತೀರೋ, ನಾನು ಹೇಳಲೋ?" ಎಂದಳು ಹೆಂಡತಿ, ಹೊರಗೆ ಬಂದು.

"ನಾನೇ ಹೇಳ್ತೀನಿ."

"ಯಾವಾಗ?"

ಸಾಹೇಬರು ಉಣ್ಣದ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದರು.

ಬೆಳಿಗ್ಗೆ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅಳಿಯನ ತೋಳು ಹಿಡಿದು ಬಡಗಿಯ ಅಂಗಡಿಗೆ ನಡೆದರು. ದಾರಿಯುದ್ದಕ್ಕೂ ಸಾಹೇಬರು ಹತ್ತು ಸಲ ಬಾಯಿ ತೆರೆದು ಹತ್ತು ಸಲ ಮುಚ್ಚಿದರು. ಬಡಗಿ ಎದ್ದು ನಿಂತು ಸ್ಟೂಲು ಕೊಟ್ಟ. ಮಾವ ಕೂರಲಿಲ್ಲ.

"ನೋಡಪ್ಪಾ, ನಿನ್ನ ಕೆಲಸ ನನಗೆ ಗೊತ್ತು, ಒಳ್ಳೆಯವನು ನೀನು. ಏನು ಕಷ್ಟ ಬಂದು ಹೀಗೆ ಮಾಡಿದೆಯೋ ನಾನು ಕೇಳೋದಿಲ್ಲ. ನನ್ನ ಮೇಜು ನನಗೆ ವಾಪಸ್ ಕೊಡು."

ಬಡಗಿ ಸಾಹೇಬರ ಮುಖ ನೋಡಿದ. ತನ್ನ ಮೇಲೆ ಬಿದ್ದ ಕಳ್ಳತನವನ್ನು ಅಂಗೈಯಲ್ಲಿ ಹಿಡಿದುಕೊಂಡವನಂತೆ ಕಾದ. ಮೂವತ್ತಮೂರು ವರ್ಷ ಅಂಗಡಿಯವರು ತಮ್ಮೆದುರು ಹೀಗೆಯೇ ನಿಂತಿದ್ದು ಸಾಹೇಬರಿಗೆ ನೆನಪಾಯಿತು.

"ಮಾವ, ಇವನದೇನೂ ತಪ್ಪಿಲ್ಲ" ಎಂದರು. "ಮೇಜು ಅದೇ. ಯಂತ್ರ ತಗೊಂಡು ಹೋಗಿ ನಾನೇ ಉಜ್ಜಿದೆ. ತಗ್ಗುಗಳೂ ನನ್ನವೇ. ನಿನ್ನೆಯೇ ಹೇಳಬೇಕಿತ್ತು, ಧೈರ್ಯ ಬರಲಿಲ್ಲ."

ಮಾವ ಅಳಿಯನ ತೋಳು ಬಿಟ್ಟರು. ಆಮೇಲೆ ಕೇಳಿದರು, "ಎಷ್ಟು ಉಜ್ಜಿದ್ರಿ?"

ಅದಕ್ಕೆ ಮಾತ್ರ ಸಾಹೇಬರ ಬಳಿ ಉತ್ತರವಿತ್ತು. "ಎರಡು ಮಿಲಿಮೀಟರ್."

"ನಲವತ್ತು ವರ್ಷ ಅಂದ್ರೆ ಎರಡೇ ಮಿಲಿಮೀಟರಾ" ಎಂದರು ಮಾವ. "ನಾನು ಇನ್ನೂ ಜಾಸ್ತಿ ಇರಬಹುದು ಅಂದ್ಕೊಂಡಿದ್ದೆ."

ಬಡಗಿಯ ಕೈ ಹಿಡಿದು ಕ್ಷಮೆ ಕೇಳಿದರು. ಸಾಹೇಬರೂ ಕೇಳಿದರು. ಬಡಗಿ ಇಬ್ಬರನ್ನೂ ನೋಡಿ, ಗೋಡೆಯಿಂದ ಗುಳಿ ಕೊರೆಯುವ ಒಂದು ಗುಂಡುಳಿ ಮತ್ತು ಅದನ್ನು ಹೊಡೆಯುವ ಮರದ ಕೊಡತಿ ತೆಗೆದು ಸಾಹೇಬರ ಕೈಗಿತ್ತ. "ಈ ಸಲ ಕೇಳಿಕೊಂಡು ಮಾಡಿ" ಎಂದ.

ಮನೆಗೆ ಬಂದು ಮಾವ ತಮ್ಮ ಜಾಗದಲ್ಲಿ ಕೂತರು. ಸಾಹೇಬರು ಉಳಿ ಹಿಡಿದು ಪಕ್ಕದಲ್ಲಿ ಬಗ್ಗಿದರು. ದೀಪದ ಗುಳಿ ಎಲ್ಲಿತ್ತು? ಆ ಕೋಣೆಯಲ್ಲಿ ಅವರು ಅಳೆಯದ ಜಾಗವಿರಲಿಲ್ಲ. ತಟ್ಟೆಯಿಂದ ತಟ್ಟೆಗೆ ಎಷ್ಟು, ಪರದೆಯ ಚೌಕಳಿ ಎಷ್ಟು, ಎಲ್ಲ ಬಾಯಿಪಾಠ. ಆರು ವರ್ಷ ಎದುರಿಗಿದ್ದ ಲೋಟ ಅಂಚಿನಿಂದ ಎಷ್ಟು ದೂರವಿತ್ತೆಂದು ಮಾತ್ರ ಗೊತ್ತಿರಲಿಲ್ಲ. ಕೈ ಅಭ್ಯಾಸಬಲದಿಂದ ಜೇಬಿಗೆ ಹೋಗಿ ಟೇಪು ಹೊರಗೆ ಬಂತು. ಹೆಂಡತಿ ಅದನ್ನು ಮೆಲ್ಲಗೆ ಕಿತ್ತುಕೊಂಡಳು.

ಮಾವ ಹೆಬ್ಬೆರಳನ್ನು ಅಂಚಿಗೆ ಒತ್ತಿ ಅಂಗೈ ಅಗಲಿಸಿದರು. ಕಿರುಬೆರಳು ಮುಟ್ಟಿದ ಕಡೆ ಇನ್ನೊಂದು ಕೈಯ ಮೂರು ಬೆರಳು ಜೋಡಿಸಿಟ್ಟರು. "ಇಲ್ಲಿ" ಎಂದರು. ಸಾಹೇಬರು ಕೊಡತಿ ಎತ್ತಿದರು. ಉಳಿ ಜಾರಿ ಗುಳಿ ಸ್ವಲ್ಪ ಸೊಟ್ಟಗೇ ಬಿತ್ತು. ಇಡೀ ಕೋಣೆಯಲ್ಲಿ ತಾನಾಗಿಯೇ ಒದಗಿ ಬಂದಂತೆ ಕಾಣುತ್ತಿದ್ದದ್ದು ಅದೊಂದೇ.

ಹೆಂಡತಿ ಗುಳಿಯ ಮೇಲೆ ಲೋಟ ಇಟ್ಟಳು. ಮೂವರೂ ಊಟಕ್ಕೆ ಕೂತರು. ಮಾವನ ಹೆಬ್ಬೆರಳು ಮೇಜಿನ ಮೇಲೆ ಒಮ್ಮೆ ಆಡಿತು. ಯಾರ ಹಂಗೂ ಇಲ್ಲದೆ ಕೈ ನೇರ ಲೋಟಕ್ಕೆ ಹೋಯಿತು. ನೀರು ಕುಡಿದು, ಲೋಟವನ್ನು ಅದೇ ಜಾಗಕ್ಕೆ ಇಟ್ಟು, ಅವರು ಗಂಟಲು ಸರಿಮಾಡಿಕೊಂಡರು.

"ಅಳಿಯಂದ್ರೇ, ಇದು ಗೇಣಲ್ಲಿ ಅಳೆದಿದ್ದು. ಕೇಸು ಹಾಕೋದಿದ್ರೆ ಊಟ ಮುಗಿದ ಮೇಲೆ ಹಾಕಿ."