ಭಾವನವರು ಮಷಿನ್ ನೋಡಲು ಹೋದದ್ದು

ನನ್ನ ಭಾವನವರು ಜೀವಮಾನದಲ್ಲಿ ಒಂದೇ ಒಂದು ಹೊಸ ವಸ್ತು ಕೊಂಡವರಲ್ಲ. ಹಳೆಯದನ್ನೂ ಕೊಂಡವರಲ್ಲ. ಆದರೆ ಅಂಕೋಲೆ ಪೇಟೆಯಲ್ಲಿ ಅವರು ಬೆಲೆ ಕೇಳದ ವಸ್ತು ಒಂದಿದ್ದರೆ ನನಗೆ ತೋರಿಸಿ, ಅದರೆದುರು ದೀಪ ಹಚ್ಚಿಟ್ಟು ಬರುತ್ತೇನೆ.

ಭಾವನವರು ಅಂದರೆ ನಮ್ಮನೆಯವರ ಅಣ್ಣ. ಮದುವೆಯಾಗದೆ ಶೆಟಗೇರಿಯಲ್ಲಿ ನಮ್ಮ ಜೊತೆಗೇ ಇರುವವರು. ಏನೂ ಕೊಳ್ಳದಿದ್ದರೆ ಉಡುವುದು ತೊಡುವುದು ಎಲ್ಲಿಂದ ಎನ್ನುತ್ತೀರೇನು? ಎಲ್ಲ ನಮ್ಮನೆಯವರು ತಂದುಕೊಡುತ್ತಾರೆ. ಭಾವನವರು ಪಂಚೆಯನ್ನು ಬೆಳಕಿಗೆ ಹಿಡಿದು ಎಳೆ ಎಳೆ ನೋಡಿ, “ಮೋಸ ಹೋದೆ ತಮ್ಮಾ” ಎಂದು ಹೇಳಿ, ಉಟ್ಟುಕೊಳ್ಳುತ್ತಾರೆ.

ಅವರಿಗೆ ಬೇಕಾದದ್ದು ವಸ್ತುವಲ್ಲ, ವಸ್ತುವಿನ ಕುಂದು. ಮೀನು ಪೇಟೆಗೆ ಕಾಲಿಟ್ಟರೆ ಸಾಕು, ಮೀನು ಮಾರುವವಳು ಪಕ್ಕದವಳಿಗೆ ಹೇಳುತ್ತಾಳೆ: “ಒಡೇರು ಬಂದ್ರು, ಬುಟ್ಟಿ ಮುಚ್ಚೇ. ಬಂಗಡೆ ಒಂದು ಸಲ ಸತ್ತದ್ದು ಸಾಕು.” ಭಾವನವರು ಬಿಡುತ್ತಾರೆಯೇ? ಮೀನಿನ ಕಿವಿರು ಎತ್ತಿ, ಕಣ್ಣು ನೋಡಿ, ಹೊಟ್ಟೆ ಒತ್ತಿ, “ಇದು ನಿನ್ನೆಯದು” ಎಂದು ತೀರ್ಪು ಕೊಟ್ಟು ಮುಂದಿನ ಬುಟ್ಟಿಗೆ ನಡೆಯುತ್ತಾರೆ. ಅವರು ಪೇಟೆಯ ಕೊನೆ ಮುಟ್ಟುವ ಹೊತ್ತಿಗೆ ಇವತ್ತಿನ ಮೀನೂ ನಿನ್ನೆಯದಾಗಿರುತ್ತದೆ.

ಒಮ್ಮೆ ದೇವಸ್ಥಾನದಲ್ಲಿ ಭಟ್ಟರು ಪ್ರಸಾದದ ಬಾಳೆಹಣ್ಣು ಕೊಟ್ಟರು. ಇವರು ಅದನ್ನು ಒತ್ತಿ ನೋಡಿ, “ಆಚೆಯದು ಕೊಡಿ” ಎಂದರು. ಗರ್ಭಗುಡಿಯ ಎದುರು! ಅಂದಿನಿಂದ ನಾನು ದೇವರ ಗೂಡಿನಲ್ಲಿ ಒಂದು ಡಬ್ಬಿ ಇಟ್ಟಿದ್ದೇನೆ. ಭಾವನವರು ಇಂಥದ್ದು ಮಾಡಿದಾಗಲೆಲ್ಲ ಅವರ ಪರವಾಗಿ ತಪ್ಪುಕಾಣಿಕೆ ಹಾಕುತ್ತೇನೆ. ಡಬ್ಬಿ ಎರಡು ಸಲ ಬದಲಾಯಿಸಬೇಕಾಯಿತು.

ಹೆಣ್ಣು ನೋಡಲು ಹೋದದ್ದೂ ಹೀಗೆಯೇ. ಒಂದು ಸಂಬಂಧ ಎಲ್ಲರಿಗೂ ಒಪ್ಪಿಗೆಯಾಗಿತ್ತು. ಇವರು ಬೇಡವೆಂದರು. ಯಾಕಂತೆ? ಅವರ ಮನೆಯ ಬಾಗಿಲು ನೆಲಕ್ಕೆ ಉಜ್ಜುತ್ತಿತ್ತಂತೆ. “ಒಂದು ಬಾಗಿಲು ಎತ್ತಿ ಹಾಕೂಕೆ ಆಗದವರು ಮಗಳಿಗೆ ಎಂತ ಕಲಿಸಿರ್ತರು?” ಅತ್ತೆಯವರು ಅಂದಿನಿಂದ ಆ ವಿಷಯ ಎತ್ತಲಿಲ್ಲ.

ತಮ್ಮನಿಗೆ ನನ್ನನ್ನು ನೋಡಲು ಬಂದಾಗಲೂ ಇವರು ಮುಂದಾಳು. ಎಲ್ಲರೂ ನನ್ನ ಮುಖ ನೋಡುತ್ತಿದ್ದರೆ ಇವರು ಅಂಗಳದಲ್ಲಿ ಬಿಟ್ಟಿದ್ದ ನನ್ನ ಚಪ್ಪಲಿ ನೋಡುತ್ತಿದ್ದರು. ಎತ್ತಿ ತಿರುಗಿಸಿ, “ಎಡಗಾಲಿನದು ಒಂದೇ ಬದಿ ಸವೆದದೆ. ಹುಡುಗಿ ಕಾಲು ಎಳೀತಾಳಾ?” ಎಂದು ಅಪ್ಪನನ್ನು ಕೇಳಿದರು. ಅಪ್ಪ ಚಹಾ ತಟ್ಟೆ ಕೆಳಗಿಟ್ಟುಬಿಟ್ಟರು. ಸಣ್ಣವಳಿದ್ದಾಗ ಬಿದ್ದು ಕಾಲು ಮುರಿದದ್ದು ಹೌದು, ಆದರೆ ನಡೆಯುವಾಗ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಷ್ಟಾದರೂ ಮದುವೆಯಾಯಿತು. ದೇವರು ದೊಡ್ಡವನು.

ಇಂಥವರನ್ನು ಕರೆದುಕೊಂಡು ನಾವು ಮಣ್ಣು ಅಗೆಯುವ ಹಳೆಯ ಮಷಿನ್ ಕೊಳ್ಳಲು ಹೊರಟೆವು. ಚೈನಿನ ಮೇಲೆ ಹರಿಯುವ, ಉದ್ದ ಕೈಯ ದೊಡ್ಡ ಮಷಿನ್. ಜನ ಅದಕ್ಕೆ ಕಂಪನಿಯ ಹೆಸರು ಹಿಡಿದೇ ಕರೆಯುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ‘ಮಷಿನ್’ ಅಂದರೆ ಅದೊಂದೇ. ನಮ್ಮನೆಯವರು ಮದುವೆಗೆ ಮೊದಲಿನಿಂದ ಬೇರೆಯವರ ಮಷಿನ್ ಓಡಿಸುತ್ತ ಬಂದವರು. ಆಗ ಕಾರವಾರ, ಅಂಕೋಲೆ ಕಡೆ ಅದಿರಿನ ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದ ಕಾಲ. ಎಲ್ಲಿ ನೋಡಿದರೂ ನೆಲ ಸಮ ಮಾಡುವ ಕೆಲಸ. ಸ್ವಂತದ್ದೊಂದು ಇದ್ದರೆ ಎಂದು ಅವರು ಆಸೆಪಟ್ಟರು. ಕಡಲ ಬದಿಯ ಹಿರಿಯರ ಜಾಗ ಸರಕಾರಕ್ಕೆ ಹೋಗಿ ಬಂದ ಪರಿಹಾರದ ಹಣ ಅಣ್ಣತಮ್ಮಂದಿರ ಜಂಟಿ ಹೆಸರಿನಲ್ಲಿತ್ತು. ಭಾವನವರು ಸಹಿ ಹಾಕಬೇಕು. ಎಂದರೆ ಭಾವನವರು ಮಷಿನ್ ಒಪ್ಪಬೇಕು. ಎಂದರೆ ಆಗುವ ಮಾತಲ್ಲ ಎಂದು ಊರೆಲ್ಲ ನಕ್ಕಿತು.

ಇದರ ಜೊತೆಗೆ ನಮ್ಮಿಬ್ಬರಿಗೆ ಮಾತ್ರ ಗೊತ್ತಿದ್ದ ಇನ್ನೊಂದು ಗುಟ್ಟಿತ್ತು. ನಮ್ಮನೆಯವರಿಗೆ ಬೆನ್ನುನೋವು. ಕುಲುಕುವ ಮಷಿನ್ನಿನಲ್ಲಿ ಕೂತು ಕೂತು ಸೊಂಟ ಹಿಡಿದುಬಿಟ್ಟಿತ್ತು. ನಾನು ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಎಣ್ಣೆ ತಿಕ್ಕುತ್ತಿದ್ದೆ. “ಅಣ್ಣನಿಗೆ ಗೊತ್ತಾದ್ರೆ ಮುಗೀತು. ಮಷಿನ್ ಬೇಡ, ಸುಮ್ನೆ ಮನೇಲಿ ಕೂತ್ಕೋ ಅಂತನೆ. ದೇವರಾಣೆ, ನೀ ಹೇಳಬೇಡ” ಎಂದು ಮಾತು ತಕೊಂಡಿದ್ದರು. ಚಪ್ಪಲಿಯಲ್ಲಿ ಕಾಲಿನ ಕತೆ ಓದಿದ ಮನುಷ್ಯನಿಂದ ಬೆನ್ನು ಬಚ್ಚಿಡುವುದು ಹೇಗೆ? ಅಮ್ಮನವರಿಗೆ ಉಡಿ ತುಂಬಿಸುತ್ತೇನೆಂದು ಹರಕೆ ಹೊತ್ತೆ.

ಬಿಣಗಾದಲ್ಲಿ ಒಬ್ಬ ಗುತ್ತಿಗೆದಾರರ ಮಷಿನ್ ಮಾರಾಟಕ್ಕಿದೆ, ಗೋವಾದವರೂ ನೋಡಿ ಹೋಗಿದ್ದಾರೆ ಎಂದು ಸುದ್ದಿ ಬಂತು. ಭಾವನವರು ಕೂಡಲೇ ಹೊರಡಲಿಲ್ಲ. ಮೊದಲು ಬಾಳೆಗುಳಿಗೆ ಹೋಗಿ, ಅಲ್ಲಿಯ ಗ್ಯಾರೇಜುಗಳ ಎದುರು ನಿಂತು, ಮೇಸ್ತ್ರಿಗಳ ತಲೆ ತಿಂದು ಬಂದರು. ಒಂದು ಚಹಾ ಕೂಡ ಕೊಡಿಸದೆ ಇಡೀ ವಿದ್ಯೆ ಕಲಿತು ಬಂದ ಶಿಷ್ಯ ಬೇರೆ ಯಾರಿದ್ದಾರು?

ನಾನೂ ಹೊರಟೆ. ನಾನಿದ್ದರೆ ಅಣ್ಣ ಬಾಯಿ ಬಿಗಿಹಿಡಿಯುತ್ತಾರೆಂದು ನಮ್ಮನೆಯವರ ಲೆಕ್ಕ. ಬಸ್ಸಿನಲ್ಲಿ ಮೂರು ಸೀಟು ಸಿಕ್ಕಿತು, ಅದೊಂದು ದೇವರ ದಯೆ. ಆದರೆ ನಮ್ಮನೆಯವರು ಕಂಬಿ ಹಿಡಿದು ನಿಂತೇ ಬಂದರು. “ಕೂತ್ಕಳ್ಳಿ ಮಾರಾಯ್ರೆ” ಎಂದ ಕಂಡಕ್ಟರ್. “ಗಾಳಿ ಬರ್ತದೆ” ಎಂದರು ಇವರು. ನಾನು ಭಾವನವರ ಮುಖ ನೋಡಿದೆ. ಅವರು ಕಿಟಕಿಯ ಆಚೆ ಯಾರದೋ ಕಂಪೌಂಡಿನ ಗೋಡೆ ಸೊಟ್ಟಗಿರುವುದನ್ನು ನೋಡುತ್ತಿದ್ದರು. ಬದುಕಿದೆ.

ಗುತ್ತಿಗೆದಾರರ ಅಂಗಳದಲ್ಲಿ ಮಷಿನ್ ನಿಂತಿತ್ತು, ಹಳದಿ ಬಣ್ಣ ಬಳಿದುಕೊಂಡು, ಮದುಮಗಳ ಹಾಗೆ. ನಮ್ಮನೆಯವರು ನೋಡಿದ್ದೇ ತಡ, ಮದುಮಗನ ಹಾಗೆ ಕರಗಿಹೋದರು. ಅವರಿಗೆ ಮಷಿನ್ ಚೆನ್ನಾಗಿ ಗೊತ್ತು. ಆದರೆ ಆಸೆಯಾದ ಮೇಲೆ ಯಾರಿಗೆ ಏನು ಕಾಣುತ್ತದೆ? ಭಾವನವರು ನೇರ ಹೋಗಿ ಎಂಜಿನ್ನಿನ ಮೇಲೆ ಅಂಗೈ ಇಟ್ಟರು. ಮಗುವಿನ ಹಣೆ ಮುಟ್ಟಿದ ಹಾಗೆ.

“ಇದಕ್ಕೆ ಜ್ವರ ಬಂದದೆ. ನಾವು ಇನ್ನೊಂದಿನ ಬರ್ತೇವೆ.”

ಗುತ್ತಿಗೆದಾರರಿಗೆ ಗಾಬರಿ. “ಕಿತೆಂ ರೇ ಬಾಬಾ, ಏನಿದು, ಈಗಷ್ಟೇ ಬಂದ್ರಿ!”

“ನಾವು ಬರೂ ಮೊದಲೇ ಚಾಲೂ ಮಾಡಿ ಬೆಚ್ಚಗೆ ಮಾಡಿಟ್ಟೀರಿ. ಬೆಚ್ಚಗಿದ್ರೆ ಎಲ್ಲ ಎಂಜಿನ್ನೂ ಸಂಭಾವಿತನೇ. ತಣ್ಣಗಿದ್ದಾಗ ಹೇಗೆ ಏಳ್ತದೆ ನೋಡಬೇಕು.”

ಬಂದ ಬಸ್ಸಿನಲ್ಲೇ ಹಿಂದಿರುಗಿದೆವು ಎನ್ನಬೇಕು.

ಮರುದಿನ ಹೇಳದೆ ಕೇಳದೆ, ಬೆಳಗಿನ ಮೊದಲ ಬಸ್ಸಿಗೇ ಹೋಗಿ ಅವರ ಅಂಗಳದಲ್ಲಿ ನಿಂತೆವು. ಗುತ್ತಿಗೆದಾರರು ಹಲ್ಲುಜ್ಜುತ್ತ ಹೊರಗೆ ಬಂದವರು ನಮ್ಮನ್ನು ನೋಡಿ ಬ್ರಶ್ಶು ಬಾಯಲ್ಲೇ ಬಿಟ್ಟು ನಿಂತರು. ಭಾವನವರು ಮಷಿನ್ ಚಾಲೂ ಮಾಡಿಸಿದರು. ಅದು ಕೆಮ್ಮಿತು, ಬಿಳಿ ಹೊಗೆ ಉಗುಳಿತು, ಆಮೇಲೆ ಎದ್ದಿತು. “ಕೆಮ್ಮು ಅದೆ, ಕ್ಷಯ ಅಲ್ಲ” ಎಂದರು ಭಾವನವರು. ಗಂಟೆ ತೋರಿಸುವ ಮೀಟರಿನಲ್ಲಿ ಮಷಿನ್ ಸ್ವಲ್ಪವೇ ಓಡಿದ ಲೆಕ್ಕವಿತ್ತು. ಭಾವನವರು ಒಳಗೆ ಬಗ್ಗಿ, ಕಾಲಲ್ಲಿ ಒತ್ತುವ ಪೆಡಲು ನೋಡಿದರು. ರಬ್ಬರು ಪೂರ್ತಿ ಸವೆದು ಕಬ್ಬಿಣ ಹೊಳೆಯುತ್ತಿತ್ತು. “ಮೀಟರ್ ಸುಳ್ಳು ಹೇಳ್ತದೆ. ಸವಕಳಿ ಹೇಳೂದಿಲ್ಲ.” ನನಗೆ ನನ್ನ ಚಪ್ಪಲಿಯ ನೆನಪಾಯಿತು.

ಉಗುರಿನಿಂದ ಹೊಸ ಬಣ್ಣ ಕೆರೆದು ಅಡಿಯಲ್ಲಿದ್ದ ವೆಲ್ಡಿಂಗ್ ತೋರಿಸಿದರು. ಬಕೆಟ್ಟನ್ನು ಹಿಡಿದು ಅಲ್ಲಾಡಿಸಿ, ಪಿನ್ನುಗಳೆಲ್ಲ ಮುದುಕರ ಹಲ್ಲಿನ ಹಾಗೆ ಸಡಿಲ ಎಂದರು. ಅಷ್ಟರಲ್ಲಿ ಚೈನಿನ ಸಂದು ನೋಡಲು ಬಗ್ಗಿದ್ದ ನಮ್ಮನೆಯವರು ಏಳಲಾರದೆ ಅಲ್ಲೇ ಉಳಿದುಬಿಟ್ಟರು! ಏನೂ ತೋಚದೆ ನಾನು ಕೈಚೀಲ ಚೆಲ್ಲಿದೆ. ಹೆಕ್ಕಿಕೊಡುವ ನೆವದಲ್ಲಿ ಇವರು ನನ್ನ ಭುಜ ಹಿಡಿದು ಹೇಗೋ ಎದ್ದರು. ಭಾವನವರು ಚೈನನ್ನೇ ನೋಡುತ್ತಿದ್ದರು. ತಾಯಿ, ನಿನ್ನ ಉಡಿಗೆ ಸೀರೆಯನ್ನೂ ಸೇರಿಸುತ್ತೇನೆ ಅಂದುಕೊಂಡೆ.

“ತಂಗಿ, ಇಲ್ಲಿ ಬಾ. ನಿನ್ನ ಮೂಗು ಬೇಕು.”

ಮಷಿನ್ನಿನ ಕೈ ಎತ್ತಿಳಿಸುವ ಎಣ್ಣೆಯನ್ನು ಕಡ್ಡಿಯಲ್ಲಿ ಅದ್ದಿ ನನ್ನ ಮೂಗಿಗೆ ಹಿಡಿದರು. ಜನ ನೋಡುತ್ತಿದ್ದಾರೆ! ನಾಚಿಕೆಯಿಂದ ಸತ್ತೆ. ಆದರೂ ಮೂಸಿದೆ. “ಸ್ವಲ್ಪ ಸೀದ ವಾಸನೆ ಭಾವಾ. ಹಪ್ಪಳ ಕರಿದು ಕರಿದು ಉಳಿದ ಎಣ್ಣೆಯ ಹಾಗೆ.” ಭಾವನವರು ಗುತ್ತಿಗೆದಾರರ ಕಡೆ ತಿರುಗಿ, “ಎಣ್ಣೆ ಬದಲಾಯಿಸಬೇಕು. ಅದನ್ನೂ ಬೆಲೆಯಲ್ಲಿ ಕಳೀರಿ” ಎಂದರು. ಗುತ್ತಿಗೆದಾರರು ನನ್ನ ಮೂಗನ್ನು ನೋಡಿದ ನೋಟ ಇನ್ನೂ ನೆನಪಿದೆ.

ಆಮೇಲೆ ನಡೆದದ್ದು ಹೇಳಲು ಇವತ್ತಿಗೂ ಭಯ. ವ್ಯಾಪಾರ ಕುದುರಿದರೆ ಒಡೆಯೋಣವೆಂದು ನಾನು ತೆಂಗಿನಕಾಯಿ ತಂದಿದ್ದೆ. ಭಾವನವರು ಅದನ್ನು ನನ್ನ ಚೀಲದಿಂದ ತೆಗೆದು, ಮಷಿನ್ನಿನ ಕೈ ಎತ್ತಿಸಿ, ಎಂಜಿನ್ ಬಂದ್ ಮಾಡಿಸಿ, ತೂಗುವ ಬಕೆಟ್ಟಿನ ಕೆಳಗೆ ಇಟ್ಟರು. ಹತ್ತಿರ ಯಾರೂ ಸುಳಿಯಬಾರದೆಂದು ಎಲ್ಲರನ್ನೂ ದೂರ ಅಟ್ಟಿ, “ಚಹಾ ಕುಡ್ಯೂವ” ಎಂದರು. ಕೈ ಗಟ್ಟಿಯಿದ್ದರೆ ಎತ್ತಿಟ್ಟಲ್ಲೇ ನಿಲ್ಲುತ್ತದೆ, ಒಳಗೆ ಸೋರಿದರೆ ಮೆಲ್ಲಗೆ ಜಾರುತ್ತದೆ ಎಂದು ಬಾಳೆಗುಳಿಯ ವಿದ್ಯೆಯಂತೆ. ದೇವರ ಕಾಯಿ ಭಾವಾ, ಎನ್ನುವಷ್ಟರಲ್ಲಿ ಅವರು ಜಗಲಿ ಹತ್ತಿಯಾಗಿತ್ತು. ಎರಡನೆಯ ಲೋಟ ಬರುವ ಹೊತ್ತಿಗೆ ಅಂಗಳದಲ್ಲಿ ‘ಫಟ್’ ಎಂದಿತು. ನಾನು ಕಣ್ಣು ಮುಚ್ಚಿ ಕೈ ಮುಗಿದೆ.

“ದೇವರಿಗೆ ಮುಟ್ಟಿತು. ಇನ್ನು ಬೆಲೆ ಹೇಳಿ” ಎಂದರು ಭಾವನವರು.

ಹದಿನಾಲ್ಕು ಲಕ್ಷದಲ್ಲಿ ನಿಂತಿದ್ದ ಗುತ್ತಿಗೆದಾರರು ಇಳಿಯತೊಡಗಿದರು. ಪಿನ್ನಿಗೆ ಇಷ್ಟು, ಚೈನಿಗೆ ಇಷ್ಟು, ಎಣ್ಣೆಗೆ ಇಷ್ಟು. ಭಾವನವರು ಇಡೀ ಸುರಮಾಯಿ ಮೀನು ಕೊರೆಸಿದ ಹಾಗೆ ತಲೆ ಬೇರೆ, ಬಾಲ ಬೇರೆ, ಮುಳ್ಳು ಬೇರೆ ಮಾಡಿ ಬೆಲೆ ಕಟ್ಟುತ್ತಿದ್ದರು. ಕಡೆಗೆ ಹನ್ನೊಂದಕ್ಕೆ ಬಂದು ನಿಂತಿತು. ನಮ್ಮನೆಯವರು ಮನಸ್ಸಿನಲ್ಲಿ ಹಾಕಿಕೊಂಡಿದ್ದು ಹನ್ನೆರಡು. ಅವರ ಮುಖ ಅರಳಿತು. ಮುಂಗಡದ ಕವರಿಗೆ ಕೈ ಹಾಕಿದರು.

“ತಡಿ” ಎಂದು ಭಾವನವರು ಎದ್ದು ಮಷಿನ್ ಹತ್ತಿ ಕ್ಯಾಬಿನ್ನಿನಲ್ಲಿ ಕೂತರು. ಎಂಜಿನ್ ಜೋರು ಮಾಡಿಸಿದರು. ಮಷಿನ್ ನಡುಗಿತು, ಭಾವನವರೂ ನಡುಗಿದರು. ಕಣ್ಣು ಮುಚ್ಚಿ ಎಷ್ಟೋ ಹೊತ್ತು ಹಾಗೇ ಕೂತಿದ್ದರು, ಜಪಕ್ಕೆ ಕೂತವರ ಹಾಗೆ. ಇಳಿದು ಬಂದು ಹೇಳಿದರು: “ಬೇಡ.”

ನಮ್ಮನೆಯವರು ಅಣ್ಣನಿಗೆ ಎದುರು ಮಾತಾಡಿದ್ದನ್ನು ನಾನು ಅಂದೇ ಮೊದಲ ಸಲ ಕೇಳಿದ್ದು.

“ಅಣ್ಣ, ನಿನ್ನ ಜನ್ಮದಲ್ಲಿ ಒಂದು ವಸ್ತು ತಕಂಡದ್ದುಂಟಾ? ಮೀನು ಬೇಡ, ಹೆಣ್ಣು ಬೇಡ, ಈಗ ಇದೂ ಬೇಡ. ನಾ ಸಾಯೂವರೆಗೂ ಕಂಡವರ ಮಷಿನ್ನೇ ಓಡಿಸ್ತಾ ಇರಬೇಕಾ?”

ಭಾವನವರು ಸಿಟ್ಟಾಗಲಿಲ್ಲ. ಗುತ್ತಿಗೆದಾರರಿಗೆ ಹೇಳಿದರು, “ಸೀಟಿನ ಸ್ಪ್ರಿಂಗು ಸತ್ತದೆ. ಪ್ರತಿ ಕುಲುಕೂ ನೇರ ಸೊಂಟಕ್ಕೇ ಹೊಡೀತದೆ.”

“ಅಷ್ಟೇ ಅಲ್ಲವಾ? ಒಂದು ದಿಂಬು ಹಾಕ್ಕೊಂಡು ಕೂತ್ರೆ ಆಯ್ತು ರೇ.”

“ಅವ ದಿಂಬು ಹಾಕ್ಕಂಡೇ ಕೂರೂದು. ಊಟಕ್ಕೂ.” ತಮ್ಮನ ಮುಖ ನೋಡದೆ ನೆಲ ನೋಡುತ್ತ ಮುಂದುವರಿಸಿದರು. “ಮಣೆ ಮೇಲಿಂದ ಏಳೂವಾಗ ಬಲಗೈ ನೆಲಕ್ಕೆ ಊರ್ತ. ದೀವಳಿಗೆಯಿಂದ. ಬಾವಿ ಹಗ್ಗ ಎಳ್ಯೂದು ಬಿಟ್ಟ, ತಂಗಿ ಎಳೀತದೆ. ಬಸ್ಸಲ್ಲಿ ನಿಂತು ಬರ್ತ. ಕೇಳಿದ್ರೆ ಗಾಳಿ ಅಂತ.”

ನಮ್ಮನೆಯವರ ಕೈ ಕವರಿನ ಮೇಲೇ ಉಳಿಯಿತು. ನಾನು ಜಗಲಿಯ ಮೆಟ್ಟಿಲ ಮೇಲೆ ಕೂತೆ. ಎಲ್ಲರ ಕುಂದು ಹುಡುಕುವ ಕಣ್ಣಿನಿಂದ ಇದೊಂದನ್ನು ಕಾಪಾಡು ಎಂದು ನಾನು ದೇವರಿಗೆ ದುಂಬಾಲು ಬಿದ್ದಿದ್ದೆ. ಆ ಕಣ್ಣು ದೀವಳಿಗೆಯಿಂದ ಬೇರೇನನ್ನೂ ನೋಡಿಯೇ ಇರಲಿಲ್ಲ.

“ಹಾಗಾದ್ರೆ ಸಹಿ ಹಾಕೂದಿಲ್ವಾ ಅಣ್ಣ?” ಇವರ ಧ್ವನಿ ಸಣ್ಣದಾಗಿತ್ತು.

“ಹಾಕ್ತೆ. ಮಷಿನ್ ತಕೋ. ಆ ಸೀಟು ಬೇಡ ಅಂದದ್ದು. ಅದನ್ನು ನಾ ನೋಡ್ತೆ.”

ವ್ಯಾಪಾರ ಮುಗಿಯಿತು, ಕಾಗದ ಪತ್ರವೂ ಆಯಿತು. ಮಷಿನ್ ದೊಡ್ಡ ಲಾರಿ ಏರಿ ಶೆಟಗೇರಿಗೆ ಬರುವ ದಿನವೇ ಭಾವನವರು ಬೆಳಗ್ಗೆ ಎದ್ದು ಹುಬ್ಬಳ್ಳಿ ಬಸ್ಸು ಹತ್ತಿ ಹೋದರು. ಸಂಜೆ ಅವರನ್ನು ಕರೆತರಲು ನಾವಿಬ್ಬರೂ ಬಾಳೆಗುಳಿಗೆ ಹೋದೆವು. ದೂರದಿಂದಲೇ ಕಂಡಿತು: ಘಟ್ಟದ ರಸ್ತೆ ಬಂದು ಕೂಡುವಲ್ಲಿ, ಲಾರಿಗಳ ಧೂಳಿನಲ್ಲಿ, ಪ್ಲಾಸ್ಟಿಕ್ ಹೊದಿಕೆಯೂ ತೆಗೆಯದ ಹೊಚ್ಚ ಹೊಸ ಸೀಟೊಂದನ್ನು ರಸ್ತೆ ಬದಿಯಲ್ಲಿ ಇಟ್ಟುಕೊಂಡು, ಅದರ ಮೇಲೆ ಕೂತಿದ್ದರು ಭಾವನವರು. ಗ್ಯಾರೇಜಿನವರೆಲ್ಲ ಸುತ್ತ ನಿಂತು ನಗುತ್ತಿದ್ದರು. ಅವರ ಕೈಯಲ್ಲೆಲ್ಲ ಚಹಾ ಲೋಟ. ಕೊಡಿಸಿದವರು ಭಾವನವರಂತೆ.

“ಚಲೋ ಅದೆ, ಕೂತು ನೋಡು” ಎಂದು ಎದ್ದು ತಮ್ಮನಿಗೆ ಜಾಗ ಬಿಟ್ಟರು. ಇವರು ಕೂತರು. ಕೈ ಊರದೆ ಎದ್ದರು. ಮತ್ತೆ ಕೂತರು.

ನಾನು ಮೆಲ್ಲಗೆ ಕೇಳಿದೆ, “ಎಷ್ಟು ಹೇಳಿದ ಭಾವಾ ಅಂಗಡಿಯವ? ಎಷ್ಟಕ್ಕೆ ಇಳಿಸಿದ್ರಿ?”

ಭಾವನವರು ಪಂಚೆಯ ಧೂಳು ಕೊಡವಿಕೊಂಡರು.

“ಅವ ಹೇಳಿದಷ್ಟು ಕೊಟ್ಟೆ.”